ಇಂಗ್ಲಿಷ್ ಮಾತ್ರೆಗೂ ಪಥ್ಯವಿದೆ, ದಯವಿಟ್ಟು ಕೇಳಿ

ನಾಟಿ ವೈದ್ಯರ ಬಳಿ ಹೋದರೆ ಮದ್ದು ಕೈಗೆ ಬರುವ ಮೊದಲೇ ನಾವು ಪಥ್ಯ ವಿಚಾರಿಸುತ್ತೇವೆ. ಬದನೆಕಾಯಿ ಬಿಡಬೇಕೇ, ಹುಳಿ ಬಿಡಬೇಕೇ, ಎಷ್ಟು ದಿನ? ಅದೇ ನಾವು ಮೆಡಿಕಲ್ ಶಾಪಿನಲ್ಲಿ ಕೇಳುವುದು ಎರಡೇ ಮಾತು: ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟಾಯಿತು? ಅಂಗಡಿಯವರು ಕವರಿನ ಮೇಲೆ 1-0-1 ಎಂದು ಗೀಚಿ ಕೊಡುತ್ತಾರೆ, ನಾವು ಜೇಬಿಗಿಳಿಸಿ ಬರುತ್ತೇವೆ. ಇನ್ನೊಂದು ಮಾತನ್ನೂ ಕೇಳಿ ಎಂದು ಬೇಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ: "ಈ ಮಾತ್ರೆ ನುಂಗುವಷ್ಟು ದಿನ ಏನು ತಿನ್ನಬಾರದು, ಏನು ಕುಡಿಯಬಾರದು?"

ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರನ್ನು ನೋಡಿ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಆಪರೇಷನ್ ಆದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅವರು ಜೀವನಪರ್ಯಂತ ಅಸೆನೊಕೊಮರಾಲ್ ಅಥವಾ ವಾರ್ಫರಿನ್ ನುಂಗಬೇಕು. ಈ ಮಾತ್ರೆಗಳು ಕೆಲಸ ಮಾಡುವುದೇ ದೇಹದಲ್ಲಿ ವಿಟಮಿನ್ ಕೆಯ ಕೆಲಸವನ್ನು ತಡೆದು. ಆ ವಿಟಮಿನ್ ತುಂಬಿರುವುದು ನುಗ್ಗೆಸೊಪ್ಪು, ಪಾಲಕ್, ಹರಿವೆಯಂಥ ಸೊಪ್ಪುಗಳಲ್ಲಿ. ಮಳೆ ಬಿದ್ದು ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಚಿಗುರಿತೆಂದರೆ ವಾರವೆಲ್ಲ ಬಸ್ಸಾರು, ಮಸ್ಸೊಪ್ಪು. ಆಗ ಮಾತ್ರೆಯ ಬಲ ಕುಗ್ಗುತ್ತದೆ, ಕವಾಟದಲ್ಲೇ ರಕ್ತ ಹೆಪ್ಪುಗಟ್ಟುವ, ಆ ತುಣುಕು ಮಿದುಳಿಗೆ ಹೋಗಿ ಲಕ್ವ ಹೊಡೆಯುವ ಅಪಾಯ ಹೆಚ್ಚುತ್ತದೆ.

ಹಾಗಂತ ಸೊಪ್ಪನ್ನೇ ಬಿಟ್ಟುಬಿಡುವುದು ಇನ್ನೊಂದು ತಪ್ಪು, ಅದನ್ನು ಒತ್ತಿ ಹೇಳಬೇಕು. ಯಾರೋ "ಸೊಪ್ಪು ವಿಷ" ಎಂದರೆಂದು ಮನೆಯವರು ಒಮ್ಮೆಲೇ ನಿಲ್ಲಿಸುತ್ತಾರೆ. ಆದರೆ ಡಾಕ್ಟರು ಡೋಸ್ ಗೊತ್ತುಮಾಡಿದ್ದು ಮೊದಲಿನ ಊಟಕ್ಕೆ. ಈಗ ಅದೇ ಡೋಸ್ ಅತಿಯಾಗಿ ಒಸಡಿನಲ್ಲಿ, ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಐಎನ್‌ಆರ್ ಅಂಕಿ ಸಾಮಾನ್ಯರಲ್ಲಿ ಹೆಚ್ಚುಕಡಿಮೆ 1; ಕವಾಟದವರಲ್ಲಿ ಅದನ್ನು ಸಾಮಾನ್ಯವಾಗಿ 2ರಿಂದ 3.5ರ ನಡುವೆ, ಯಾವ ಕವಾಟ ಎಂಬುದನ್ನು ನೋಡಿ ಹಿಡಿದಿಡುತ್ತಾರೆ. ಎಷ್ಟು ಕಿರಿದಾದ ದಾರಿ ನೋಡಿ. ಸೊಪ್ಪು ತಿನ್ನಿ, ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ. ಊಟ ಬದಲಾದರೆ, ಉಪವಾಸ ಹಿಡಿದರೆ, ಜ್ವರ ಬಂದು ಅನ್ನ ಸೇರದಿದ್ದರೆ ಡಾಕ್ಟರಿಗೆ ತಿಳಿಸಿ ಐಎನ್‌ಆರ್ ನೋಡಿಸಿ.

ಥೈರಾಯ್ಡ್ ಮಾತ್ರೆಯದು ಜೀವ ತೆಗೆಯುವ ಕತೆಯಲ್ಲ, ಆದರೆ ಮನೆಮನೆಯದು. ಎದ್ದ ಕೂಡಲೇ ಲೆವೊಥೈರಾಕ್ಸಿನ್ ನುಂಗುತ್ತೇವೆ, ಅಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ, ಹಿಂದೆಯೇ ಕಾಫಿ. ಮಾತ್ರೆ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದೇ ಇಲ್ಲ. ರಿಪೋರ್ಟ್ ನೋಡಿದ ಡಾಕ್ಟರು 50 ಮೈಕ್ರೋಗ್ರಾಂ ಇದ್ದುದನ್ನು 75 ಮಾಡುತ್ತಾರೆ, ಆಮೇಲೆ 100. ಬದಲಾಗಬೇಕಿದ್ದದ್ದು ಕಾಫಿಯ ಹೊತ್ತು! ಬರೀ ನೀರಿನಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಬಿಡಿ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಗೂ ಕಾಫಿ, ಟೀ ಆಗಿಬರುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್‌ಗಳನ್ನು ಹಾಲಿನ ಜೊತೆ ನುಂಗಬೇಡಿ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಒಳ್ಳೆಯದೆಂದೇ ತಿನ್ನಿಸುವ ಪದಾರ್ಥಗಳು. ಬಿಪಿಗೆಂದು ಮನೆಗೆ ತರುವ ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಇರುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳೂ ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತವೆ. ಕಿಡ್ನಿ ಸೋತವರಲ್ಲಿ ಇವೆರಡೂ ಕೂಡಿದರೆ ಹೃದಯದ ಬಡಿತವೇ ತಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಬಳಸಬಹುದೆಂದು ಸಲಹೆ ಕೊಟ್ಟಾಗಲೂ ಕಿಡ್ನಿ ದುರ್ಬಲವಾದವರನ್ನು ಅದರಿಂದ ಹೊರಗಿಟ್ಟಿತು. ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿದ್ದ ಎಷ್ಟೋ ಜನರಿಗೆ ತಮ್ಮ ಕಿಡ್ನಿ ಸೋತದ್ದೇ ಗೊತ್ತಿರುವುದಿಲ್ಲ. ಅಂಥವರನ್ನು ನೋಡಲು ಹೋಗುವಾಗ ನಾವು ಒಯ್ಯುವುದು ಎಳನೀರು, ಬಾಳೆಹಣ್ಣು. ಎರಡರಲ್ಲೂ ಪೊಟ್ಯಾಸಿಯಂ ಧಾರಾಳ. ಕೈಗಿಡುವ ಮೊದಲು ಒಂದು ಮಾತು ವಿಚಾರಿಸಿ.

ಅಮೆರಿಕ, ಕೆನಡಾದಲ್ಲಿರುವ ಮಕ್ಕಳಿಗೂ ಒಂದು ಬಿನ್ನಹ. ಆರು ತಿಂಗಳ ಮಾತ್ರೆ ಕಟ್ಟಿಕೊಂಡು ಬಂದ ಅಪ್ಪ ಅಮ್ಮನಿಗೆ ಬೆಳಗ್ಗೆ ಗ್ರೇಪ್‌ಫ್ರೂಟ್ ಜ್ಯೂಸ್ ಕೊಡಬೇಡಿ. 1989ರಲ್ಲಿ ಕೆನಡಾದ ಡೇವಿಡ್ ಬೇಲಿ ಮತ್ತು ಸಂಗಡಿಗರು, ಫೆಲೋಡಿಪಿನ್ ಎಂಬ ಬಿಪಿ ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆಂದು ನೋಡುವ ಪ್ರಯೋಗದಲ್ಲಿ, ಮದ್ಯದ ರುಚಿ ಮುಚ್ಚಲು ಈ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧದ ಪ್ರಮಾಣ ಯಾರೂ ಎಣಿಸದಷ್ಟು ಏರಿತ್ತು. ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನೇ ಈ ಹಣ್ಣು ಕೆಡಿಸುತ್ತದೆ. ಅದರ ಪ್ರಭಾವ ಒಂದು ದಿನಕ್ಕೂ ಮೀರಿ ಉಳಿಯುವುದರಿಂದ ಜ್ಯೂಸ್ ಬೆಳಗ್ಗೆ, ಮಾತ್ರೆ ರಾತ್ರಿ ಎಂಬ ಲೆಕ್ಕ ನಡೆಯುವುದಿಲ್ಲ. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತದಿಂದ, ಆ ಗುಣ ಚಕ್ಕೋತದಲ್ಲೂ ಇದೆ. ದೇವನಹಳ್ಳಿಯ ಚಕ್ಕೋತದ ಬಗ್ಗೆ ನನಗೂ ಅಭಿಮಾನವಿದೆ. ಆದರೂ ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ನುಂಗುವವರು ಡಾಕ್ಟರನ್ನು ಕೇಳದೆ ಅದನ್ನು ಸುಲಿಯಬೇಡಿ. ಕಿಡ್ನಿ ಕಸಿ ಮಾಡಿಸಿಕೊಂಡು ಟ್ಯಾಕ್ರೊಲಿಮಸ್ ನುಂಗುವವರಂತೂ ಮುಟ್ಟಲೇಬೇಡಿ.

ಕರಾವಳಿಯ ಕ್ಷಯರೋಗಿಗಳೇ, ಐಸೋನಿಯಾಜಿಡ್ ನುಂಗುತ್ತಿರುವಾಗ ಹಳಸಲು ಶುರುವಾದ ಬಂಗುಡೆ, ಟ್ಯೂನಾ ತಿಂದರೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಡವ ಎನ್ನಬಹುದು. ಸಕ್ಕರೆ ಕಾಯಿಲೆಯವರೇ, ಗ್ಲಿಮೆಪಿರೈಡ್ ಜೊತೆಗೆ ದಿನವೂ ಹಾಗಲಕಾಯಿ ರಸ ಶುರುಮಾಡಿದ್ದರೆ ಅದನ್ನು ಡಾಕ್ಟರಿಂದ ಮುಚ್ಚಿಡಬೇಡಿ, ಸಕ್ಕರೆ ಅತಿಯಾಗಿ ಇಳಿದೀತು.

ಔಷಧ ಅಂಗಡಿಯ ಮಿತ್ರರೇ, ಆ ಕವರಿನ ಮೇಲೆ 1-0-1ರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ: "ಹಾಲಿನ ಜೊತೆ ಬೇಡ", "ಕಾಫಿ ಒಂದು ಗಂಟೆ ಬಿಟ್ಟು". ಡಾಕ್ಟರೇ, ಊಟ ಏನೆಂದು ಒಮ್ಮೆ ಕೇಳಿ. ಓದುಗರೇ, ಮುಂದಿನ ಚೆಕಪ್‌ಗೆ ಮಾತ್ರೆಯ ಸ್ಟ್ರಿಪ್‌ಗಳ ಜೊತೆ ಕಷಾಯದ ಪುಡಿ, ಉಪ್ಪಿನ ಪ್ಯಾಕೆಟ್ಟನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಅಲ್ಲಿಯವರೆಗೆ ಇದನ್ನು ಓದಿದ ಹೆದರಿಕೆಗೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಆದರೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಮಲ ಟಾರಿನಂತೆ ಕಪ್ಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ಕೈಯೋ ಮಾತೋ ತೊಡರಿದರೆ ಚೆಕಪ್ ದಿನಕ್ಕೆ ಕಾಯಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಯಾವ ಮಾತ್ರೆ ಎಂದು ಮೊದಲು ಹೇಳಿ.