ಹಾಲು ಹಾಕದವರಿಗೆ ಡೇರಿ ಕುರ್ಚಿ ಯಾಕೆ?



ನಮ್ಮೂರ ಹಾಲಿನ ಸಂಘಕ್ಕೆ ಚುನಾವಣೆ ಬಂದಿದೆ. ಓಟು ಕೇಳಲು ಬಂದವರನ್ನು ಕೂರಿಸಿ, ಕಾಫಿ ಕೊಡಿ. ಆಮೇಲೆ ಒಂದೇ ಮಾತು ಕೇಳಿ: ‘ನಿಮ್ಮ ಕೊಟ್ಟಿಗೆಯಲ್ಲಿ ಈಗ ಹಾಲು ಕೊಡುವ ಹಸು ಎಷ್ಟಿವೆ?’

ಈ ಮಾತು ಯಾಕೆ ಎಂದರೆ, ಬೇಸಿಗೆಯ ಪಾಡು ನೆನಪಿಸಿಕೊಳ್ಳಿ. ಹಸಿ ಮೇವಿರುವುದಿಲ್ಲ. ಎಚ್‌ಎಫ್ ತಳಿಯ ಹಸು ಸೆಕೆ ತಾಳದೆ ಏದುಸಿರು ಬಿಡುತ್ತಾ ಮೇವು ಮುಟ್ಟುವುದಿಲ್ಲ. ಫ್ಯಾಟು 3.5 ಬಂದರೂ ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) 8.5 ಮುಟ್ಟದೆ ರೇಟು ಬೀಳುತ್ತದೆ. ಕೇಳಲು ಹೋದರೆ ನಿರ್ದೇಶಕರ ಉತ್ತರ, ‘ನೀರು ಬೆರೆಸಿರ್ತೀರಿ!’ ನೀರು ಬೆರೆಸುವವರು ಇಲ್ಲವೇ ಇಲ್ಲ ಎನ್ನುತ್ತಿಲ್ಲ, ಇದ್ದರೆ ಹಿಡಿಯಲಿ. ಆದರೆ ಮೇವು ಸಾಲದ ಹಸುವಿನ ಹಾಲು ಯಾವುದು, ಕೆಚ್ಚಲು ಬಾವಿನ ಹಾಲು ಯಾವುದು ಎಂದು ಕೈಯಾರೆ ಹಾಲು ಕರೆಯುವವರಿಗೆ ಗೊತ್ತು. ಮೊದಲ ಧಾರೆಯನ್ನು ಬೇರೆ ಬಟ್ಟಲಿಗೆ ಹಿಂಡಿ ಗರಣೆ ಇದೆಯೇ ಎಂದು ನೋಡಿದವರು ಡಾಕ್ಟರನ್ನು ಕರೆಸುತ್ತಾರೆ. ನೋಡಿ ಗೊತ್ತಿಲ್ಲದವರು ಹಾಲು ವಾಪಸ್ ಕಳಿಸುತ್ತಾರೆ, ಜೊತೆಗೆ ನಾಲ್ಕು ಜನರ ಮುಂದೆ ಮರ್ಯಾದೆಯನ್ನೂ ಕಳೆಯುತ್ತಾರೆ.

ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ತಡವಾದರೂ ಅಷ್ಟೇ. ಹಿಂಡಿ ಅಂಗಡಿಯಲ್ಲಿ ಸಾಲ ಇಲ್ಲದವರಿಗೆ ಏನು ಅವಸರ?

‘ಹಾಗಾದರೆ ಅಮುಲ್ ಬೆಳೆಸಿದ ಕುರಿಯನ್ ಹಸು ಕಟ್ಟಿದ್ದರೇ?’ ಎಂದು ಕೇಳುವ ಬುದ್ಧಿವಂತರಿದ್ದಾರೆ. ಇಲ್ಲ, 1949ರಲ್ಲಿ ಗುಜರಾತಿನ ಆನಂದ್‌ಗೆ ಬಂದಾಗ ಅವರು ಎಂಜಿನಿಯರು. ಆದರೆ ಅಲ್ಲಿನ ಖೇಡಾ ಹಾಲಿನ ಸಂಘದಲ್ಲಿ ಅವರು ಸಂಬಳದ ಮ್ಯಾನೇಜರ್. ಮೇಲಿದ್ದದ್ದು ಹಾಲು ಹಾಕುವ ರೈತರ ಮಂಡಳಿ, ಅದಕ್ಕೆ ತ್ರಿಭುವನದಾಸ್ ಪಟೇಲರು ಅಧ್ಯಕ್ಷರು. ಕುರಿಯನ್ ತಮ್ಮನ್ನು ರೈತರ ನೌಕರ ಎಂದೇ ಹೇಳಿಕೊಂಡರು. ಲೆಕ್ಕ, ಮಿಷನ್ನು ಬಲ್ಲವರನ್ನು ನಾವೂ ಸಂಬಳ ಕೊಟ್ಟು ಇಟ್ಟುಕೊಳ್ಳೋಣ. ಅವರಿಗೆ ಹೀಗೆ ಮಾಡಿ ಎಂದು ಹೇಳುವವರ ಮನೆಯಲ್ಲಿ ಮಾತ್ರ ದನ ಇರಲಿ.

ಚುನಾವಣೆಗೆ ನಿಲ್ಲುವವರು ವರ್ಷಕ್ಕೆ ಇಷ್ಟು ದಿನ, ಇಷ್ಟು ಲೀಟರ್ ಹಾಲು ಹಾಕಿರಬೇಕೆಂದು ಬೈಲಾದಲ್ಲೇ ಇದೆ. ಚುನಾವಣೆ ಹತ್ತಿರ ಬಂದಾಗ ಪಕ್ಕದ ಮನೆಯ ಹಾಲನ್ನು ತಮ್ಮ ಹೆಸರಿಗೆ ಬರೆಸಿ ದಿನ ತುಂಬಿಸುವ ಕೈಚಳಕ ಯಾರಿಗೆ ಗೊತ್ತಿಲ್ಲ! ಈ ಸಲ ಅಭ್ಯರ್ಥಿಗಳ ಪಾಸ್‌ಬುಕ್ ಎಲ್ಲರೆದುರು ಬಿಚ್ಚಿಸೋಣ.

ಇನ್ನೊಂದು ಮಾತು, ಗಂಡಸರಿಗೆ ಸಿಟ್ಟು ಬಂದರೂ ಸರಿ. ಸಗಣಿ ಬಾಚಿ, ಹುಲ್ಲು ಹೊತ್ತು, ಹಾಲು ಕರೆದು ಡೇರಿಗೆ ತರುವವಳು ಅಕ್ಕ. ಷೇರು, ಪಾಸ್‌ಬುಕ್ ಎಲ್ಲ ಭಾವನ ಹೆಸರಲ್ಲಿ. ಅನುಭವವನ್ನೇ ಲೆಕ್ಕಕ್ಕೆ ಹಿಡಿದರೆ ಅಧ್ಯಕ್ಷರ ಕುರ್ಚಿ ಮೊದಲು ಅವಳದು. ಅಕ್ಕಂದಿರೇ, ಸದಸ್ಯತ್ವ ಇದ್ದವರು ನಾಮಪತ್ರ ಹಾಕಿ. ಇಲ್ಲದವರು ಇವತ್ತೇ ಷೇರಿಗೆ ಅರ್ಜಿ ಕೊಡಿ. ಹೆಂಡತಿ ಗೆದ್ದ ಮೇಲೆ ಮೀಟಿಂಗಿಗೆ ಗಂಡ ಬಂದರೆ ಬಾಗಿಲಲ್ಲೇ ತಡೆಯೋಣ.

ಭಾನುವಾರ ಸಂಜೆ ಹಾಲು ಹಾಕಿದ ಮೇಲೆ ಡೇರಿ ಮುಂದೆ ಸೇರೋಣ. ಅಭ್ಯರ್ಥಿಗಳಿಗೂ ಹೇಳಿಕಳಿಸಿದ್ದೇವೆ. ಹಾರ ತುರಾಯಿ ಬೇಡ, ಹಾಲಿನ ಪಾಸ್‌ಬುಕ್ ತಂದರೆ ಸಾಕು.

ಇಂತಿ,
ದಿನಕ್ಕೆರಡು ಹೊತ್ತು ಹಾಲು ಹಾಕುವವರು