ನೇಪಾಳ ತನ್ನ ದೊರೆಯನ್ನು ಪೂರ್ತಿ ಇಳಿಸಬೇಕಿತ್ತೇ?

2006ರ ಏಪ್ರಿಲ್‌ನಲ್ಲಿ ನೇಪಾಳದ ಜನ 19 ದಿನ ಬೀದಿಯಲ್ಲಿ ನಿಂತು ದೊರೆ ಜ್ಞಾನೇಂದ್ರರ ನೇರ ಆಳ್ವಿಕೆಯನ್ನು ಕೊನೆಗಾಣಿಸಿದರು. ಎರಡು ವರ್ಷದ ನಂತರ, 2008ರ ಮೇ 28ರಂದು, ಸಂವಿಧಾನ ಸಭೆ 240 ವರ್ಷಗಳ ಶಾಹ ಅರಸೊತ್ತಿಗೆಯನ್ನೇ ರದ್ದುಮಾಡಿತು. ಅಧಿಕಾರವಿಲ್ಲದ ದೊರೆಯಾಗಿಯಾದರೂ ಅವರನ್ನು ಉಳಿಸಿಕೊಳ್ಳಬಹುದಿತ್ತೇ ಎಂಬ ವಾದ ಅಲ್ಲಿ ಇನ್ನೂ ತಣ್ಣಗಾಗಿಲ್ಲ.

ಪರ: ನಂಬಿ ಕೆಟ್ಟದ್ದು ಸಾಕಿತ್ತು

ದೊರೆಯನ್ನು ಗೋಡೆಯ ಮೇಲಿನ ಪಟದಂತೆ ಇಟ್ಟುಕೊಳ್ಳಬಹುದಿತ್ತು ಎನ್ನುವವರು ನೇಪಾಳದ ಚರಿತ್ರೆಯನ್ನು 2006ರಿಂದ ಓದುತ್ತಾರೆ. 1951ರಿಂದ ಓದಬೇಕು. ದೇಶ ಆಳುತ್ತಿದ್ದ ರಾಣಾ ಪ್ರಧಾನಿಗಳ ಹಿಡಿತದಿಂದ ತಪ್ಪಿಸಿಕೊಂಡು ದೆಹಲಿ ಸೇರಿದ್ದ ದೊರೆ ತ್ರಿಭುವನ ಆ ವರ್ಷ ಕಠ್ಮಂಡುವಿಗೆ ಮರಳಿ, ಜನರೇ ಆರಿಸಿದ ಸಭೆ ಸಂವಿಧಾನ ಬರೆಯುತ್ತದೆ ಎಂದು ಸಾರಿದರು. ಆ ಸಭೆಗೆ ಚುನಾವಣೆ ನಡೆದದ್ದು 2008ರಲ್ಲಿ! ನಡುವಿನ 57 ವರ್ಷ ಆ ಮಾತನ್ನು ತಡೆದವರಲ್ಲಿ ಮೊದಲ ಹೆಸರು ಅರಮನೆಯದೇ.

1959ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಬಿ.ಪಿ. ಕೊಯಿರಾಲಾ ಅವರ ನೇಪಾಳಿ ಕಾಂಗ್ರೆಸ್ 109ರಲ್ಲಿ 74 ಸ್ಥಾನ ಗೆದ್ದಿತು. ಮರುವರ್ಷ ಡಿಸೆಂಬರ್‌ನಲ್ಲಿ ದೊರೆ ಮಹೇಂದ್ರ ಸೈನ್ಯ ಕಳಿಸಿ ಪ್ರಧಾನಿಯನ್ನೇ ಸೆರೆಗೆ ಹಾಕಿಸಿದರು. ಪಕ್ಷಗಳು ನಿಷೇಧವಾದವು, ಪಂಚಾಯತ್ ಎಂಬ ಹೆಸರಿನ ಅರಮನೆ ಆಡಳಿತ ಸುಮಾರು 30 ವರ್ಷ ನಡೆಯಿತು. 1990ರ ಜನಾಂದೋಲನಕ್ಕೆ ಮಹೇಂದ್ರರ ಮಗ ಬೀರೇಂದ್ರ ಮಣಿದರು, ದೊರೆ ಸಂವಿಧಾನದೊಳಗೆ ಬಂದರು. ಅಂದರೆ ಇಂದು ಕೆಲವರು ಕೇಳುವ ಅಲಂಕಾರದ ದೊರೆತನವನ್ನು ನೇಪಾಳ ಆಗಲೇ ಪರೀಕ್ಷಿಸಿ ನೋಡಿದೆ. ಆ ಸಂವಿಧಾನದ 127ನೇ ವಿಧಿ ತೊಡಕು ನಿವಾರಿಸುವ ಅಧಿಕಾರವನ್ನು ದೊರೆಗೆ ಬಿಟ್ಟಿತ್ತು, ಸೈನ್ಯದ ಪರಮೋಚ್ಚ ಪದವಿಯೂ ಅವರದೇ. ಅಣ್ಣ ಬೀರೇಂದ್ರರ ನಂತರ ಗದ್ದುಗೆ ಏರಿದ ಜ್ಞಾನೇಂದ್ರ 2002ರ ಅಕ್ಟೋಬರ್‌ನಲ್ಲಿ ಅದೇ ವಿಧಿ ಹಿಡಿದು ಪ್ರಧಾನಿ ದೇವುಬಾ ಅವರನ್ನು ಕಿತ್ತುಹಾಕಿದರು. 2005ರ ಫೆಬ್ರುವರಿ 1ರಂದು ಇಡೀ ಅಧಿಕಾರವನ್ನೇ ಕೈಗೆ ತೆಗೆದುಕೊಂಡರು. ಫೋನುಗಳು ಸತ್ತವು, ನಾಯಕರು ಗೃಹಬಂಧನಕ್ಕೆ ಹೋದರು, ಪತ್ರಿಕಾ ಕಚೇರಿಗಳಲ್ಲಿ ಸೈನಿಕರು ಕೂತು ಸುದ್ದಿ ತಿದ್ದಿದರು.

ಅರಸೊತ್ತಿಗೆ ಬೀಳಲು ಬೇರೆ ಕಾರಣಗಳು ಇರಲಿಲ್ಲವೆಂದಲ್ಲ. ರೋಲ್ಪಾ, ರುಕುಮ್‌ನಂಥ ಬಡ ಬೆಟ್ಟದ ಜಿಲ್ಲೆಗಳಲ್ಲಿ 1996ರಲ್ಲಿ ಹೊತ್ತಿಕೊಂಡ ಮಾವೋವಾದಿ ಯುದ್ಧ ಸಾವಿರಾರು ಜೀವ ತೆಗೆದಿತ್ತು. 2001ರ ಜೂನ್ 1ರ ರಾತ್ರಿ ಅರಮನೆಯೊಳಗೇ ಬೀರೇಂದ್ರರ ಸಂಸಾರ ಗುಂಡಿಗೆ ಬಲಿಯಾದ ಮೇಲೆ ಜನರ ಭಕ್ತಿ ಅನುಮಾನಕ್ಕೆ ತಿರುಗಿತು. ಯುವರಾಜ ದೀಪೇಂದ್ರನೇ ಗುಂಡು ಹಾರಿಸಿದ್ದೆಂಬ ತನಿಖೆಯ ಮಾತನ್ನು ನಂಬದವರು ಈಗಲೂ ಬಹಳ. ಆದರೂ ಒಬ್ಬರ ಮುಖ ಒಬ್ಬರು ನೋಡದ ಏಳು ಪಕ್ಷಗಳನ್ನೂ ಮಾವೋವಾದಿಗಳನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದ್ದು ಜ್ಞಾನೇಂದ್ರರ ದುಡುಕು. 2006ರ ಏಪ್ರಿಲ್ 21ರಂದು ಅವರು 'ಪ್ರಧಾನಿಯನ್ನು ನೀವೇ ಹೆಸರಿಸಿ' ಎಂದಾಗ ಜನ ಮನೆಗೆ ಮರಳಲಿಲ್ಲ, ಕರ್ಫ್ಯೂ ಮುರಿದರು. ಆ ಕೊಡುಗೆಯ ಬೆಲೆ ಜನರಿಗೆ ಗೊತ್ತಿತ್ತು.

ಗಣರಾಜ್ಯದ ಮೊದಲ ಅಧ್ಯಕ್ಷ ರಾಮ್ ಬರನ್ ಯಾದವ್, ತರಾಯಿ ಬಯಲಿನ ಮಧೇಸಿ ಸಮುದಾಯದವರು. ಎರಡನೆಯವರು ಬಿದ್ಯಾ ದೇವಿ ಭಂಡಾರಿ, ಹೆಣ್ಣುಮಗಳು. ಶಾಹರ ಗದ್ದುಗೆ ಇಬ್ಬರಿಗೂ ಎಟುಕುವಂಥದ್ದಲ್ಲ. 2025ರ ಸೆಪ್ಟೆಂಬರ್‌ನ ಯುವಜನರ ಚಳವಳಿಯಲ್ಲಿ ಸಂಸತ್ ಭವನ ಹೊತ್ತಿ ಉರಿದು ಸರ್ಕಾರ ಬಿದ್ದಾಗಲೂ ಚಳವಳಿಯ ಹುಡುಗರು ಮುಂದಿಟ್ಟದ್ದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರ ಹೆಸರನ್ನು, ದೊರೆಯ ಹೆಸರನ್ನಲ್ಲ.

ವಿರೋಧ: ಜನರ ಹೆಸರಲ್ಲಿ, ಜನರನ್ನು ಕೇಳದೆ

ನಾನು ಜ್ಞಾನೇಂದ್ರರ ವಕೀಲನಲ್ಲ. 2005ರಲ್ಲಿ ಅವರು ಮಾಡಿದ್ದಕ್ಕೆ ಸಮರ್ಥನೆಯೇ ಇಲ್ಲ. ನನ್ನ ತಕರಾರು ತೀರ್ಮಾನ ಆದ ರೀತಿಯದು.

2005ರ ನವೆಂಬರ್‌ನಲ್ಲಿ ಏಳು ಪಕ್ಷಗಳೂ ಮಾವೋವಾದಿಗಳೂ ದೆಹಲಿಯಲ್ಲಿ ಮಾಡಿಕೊಂಡ 12 ಅಂಶಗಳ ಒಪ್ಪಂದ ತೆಗೆದು ನೋಡಿ. ಅದು ಕೊನೆಗಾಣಿಸಲು ಹೊರಟದ್ದು ನಿರಂಕುಶ ಅರಸೊತ್ತಿಗೆಯನ್ನು. ಬೀದಿಯಲ್ಲಿ ಗಣರಾಜ್ಯದ ಕೂಗು ಎದ್ದದ್ದು ನಿಜ, ಆದರೆ ಬೀದಿಗೆ ಬಾರದವರ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. 2007ರ ಡಿಸೆಂಬರ್‌ನಲ್ಲಿ, ಸಂವಿಧಾನ ಸಭೆಗೆ ಇನ್ನೂ ಒಂದು ಮತವೂ ಬೀಳದ ಹೊತ್ತಿನಲ್ಲಿ, ಮಧ್ಯಂತರ ಸಂಸತ್ತು ಗಣರಾಜ್ಯವನ್ನು ಬರೆದು ಮುಗಿಸಿತ್ತು. ಹೊಸ ಸಭೆಗೆ ಉಳಿದದ್ದು ಮೊದಲ ದಿನ ಮೊಹರು ಒತ್ತುವ ಕೆಲಸ. ಪರ 560 ಮತ, ವಿರೋಧ 4. ಇಷ್ಟು ಒಮ್ಮತ ಇದ್ದವರಿಗೆ ಜನಮತಗಣನೆಯ ಭಯವೇಕೆ? 1980ರಲ್ಲಿ ಬೀರೇಂದ್ರರೇ ಪಂಚಾಯತ್ ಬೇಕೋ ಬಹುಪಕ್ಷ ಬೇಕೋ ಎಂದು ಜನರನ್ನು ಕೇಳಿದ್ದರು. (ಅರಮನೆಯ ಯಂತ್ರವೆಲ್ಲ ಒಂದೇ ಕಡೆಗೆ ನಿಂತಿತ್ತು, ಒಪ್ಪುತ್ತೇನೆ.)

ಅರಮನೆಯನ್ನು ನಂಬಲಾಗದು ಎನ್ನುವ ಎದುರುವಾದಿ 2006ರ ಮೇ 18ನ್ನು ಮರೆತಂತಿದೆ. ಅಂದೇ ಸಂಸತ್ತು ದೊರೆಯಿಂದ ಸೈನ್ಯವನ್ನೂ ಅಧಿಕಾರವನ್ನೂ ಕಿತ್ತುಕೊಂಡಿತ್ತು. ಅದಾದ ಎರಡು ವರ್ಷ ಜ್ಞಾನೇಂದ್ರ ನಾರಾಯಣಹಿಟಿ ಅರಮನೆಯಲ್ಲೇ ಇದ್ದರು, ಒಬ್ಬ ಸಿಪಾಯಿಯೂ ಅವರಿಗಾಗಿ ಕದಲಲಿಲ್ಲ. ಮಹೇಂದ್ರರು ಸೆರೆಗೆ ಹಾಕಿದ ಬಿ.ಪಿ. ಅವರ ತಮ್ಮ ಗಿರಿಜಾ ಪ್ರಸಾದ್ ಕೊಯಿರಾಲಾ ಆಂದೋಲನದ ಹಿರಿಯ ನಾಯಕ. ಅಂಥವರೇ ಜ್ಞಾನೇಂದ್ರರೂ ಅವರ ಮಗನೂ ಸರಿದುಕೊಂಡು ಎಳೆಯ ಮೊಮ್ಮಗನನ್ನು ಗದ್ದುಗೆಯಲ್ಲಿ ಕೂರಿಸುವ ದಾರಿ ಸೂಚಿಸಿದ್ದರು. ಅರಮನೆಯ ಪೆಟ್ಟು ತಿಂದ ಮನೆಯವರಿಗೆ ಸಾಧ್ಯವೆನಿಸಿದ್ದು ಉಳಿದವರಿಗೆ ಅಸಾಧ್ಯವಾಯಿತು.

ದೊರೆ ಹೋದರೂ ದೊರೆಯ ಕೆಲಸಗಳು ಉಳಿದವು, ಅವು ಪಕ್ಷಗಳ ಕೈಗೆ ಬಿದ್ದವು. ನಮ್ಮವರಿಗೆ ಇದರ ಬಿಸಿ ತಟ್ಟಿದೆ. ಪಶುಪತಿನಾಥನ ಪೂಜೆ ಕರ್ನಾಟಕದಿಂದ ಹೋದ ಭಟ್ಟರದು, ಅವರ ನೇಮಕ ಅರಮನೆಗೆ ಸೇರಿದ ಕೆಲಸವಾಗಿತ್ತು. 2008ರ ಕೊನೆಯಲ್ಲಿ ಮಾವೋವಾದಿ ನಾಯಕ ಪ್ರಚಂಡ ಅವರ ಸರ್ಕಾರ ಅಲ್ಲಿಗೆ ನೇಪಾಳಿ ಅರ್ಚಕರನ್ನು ತರಲು ಹೊರಟು, ಪ್ರತಿಭಟನೆಯನ್ನೂ ಸುಪ್ರೀಂ ಕೋರ್ಟಿನ ತಡೆಯನ್ನೂ ಎದುರಿಸಿ ಹಿಂದೆ ಸರಿಯಿತು. ನೇಪಾಳಿ ಅರ್ಚಕರು ಬೇಕೆಂಬ ಬೇಡಿಕೆಯಲ್ಲಿ ತಪ್ಪೇನಿಲ್ಲ. ಗರ್ಭಗುಡಿಯೂ ಪಕ್ಷಜಗಳದ ಅಂಗಳವಾದದ್ದು ತಪ್ಪು. ಅದೇ ವರ್ಷ ಇಂದ್ರಜಾತ್ರೆಯ ಬಲಿಗೆ ಸರ್ಕಾರ ಹಣ ಕಡಿತಮಾಡಿದಾಗಲೂ ಕಠ್ಮಂಡು ಕೆರಳಿತ್ತು.

2008ರ ನಂತರ, 2025ರ ದಂಗೆಯವರೆಗೆ, ಯಾವ ಪ್ರಧಾನಿಯೂ ಐದು ವರ್ಷ ಪೂರೈಸಲಿಲ್ಲ. ಓಲಿ, ಪ್ರಚಂಡ, ದೇವುಬಾ ಸರದಿಯ ಮೇಲೆ ಏರಿಳಿದರು, ಯುವಕರು ಕೊಲ್ಲಿ ದೇಶಗಳಿಗೂ ಮಲೇಷ್ಯಾಕ್ಕೂ ವಿಮಾನ ಹತ್ತಿದರು. 2025ರ ಮಾರ್ಚ್ 9ರಂದು ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಜ್ಞಾನೇಂದ್ರರನ್ನು ಎದುರುಗೊಳ್ಳಲು ಸಾವಿರಾರು ಜನ ನೆರೆದದ್ದು ಈ ಬೇಸರದಿಂದ. ಅವರ ಬಾಯಲ್ಲಿರುವ ಗಟ್ಟಿ ವಾದ ಒಂದೇ: ನಮ್ಮನ್ನು ಯಾರೂ ಕೇಳಲಿಲ್ಲ. 2008ರಲ್ಲಿ ಜನಮತಗಣನೆ ನಡೆದು ಗಣರಾಜ್ಯವೇ ಗೆದ್ದಿದ್ದರೆ, ಗೆಲ್ಲುತ್ತಿತ್ತು ಎಂದೇ ನನ್ನ ಅಂದಾಜು, ಆ ವಾದ ಅಂದೇ ಮುಗಿಯುತ್ತಿತ್ತು.