ಆರು ಅಕ್ಷರಕ್ಕೆ ಒಂದು ಸೆಕೆಂಡು

ಆರ್‌ಟಿಟಿವೈ ಕಾಂಟೆಸ್ಟಿನಲ್ಲಿ ‘ಹಲೋ ಡಿಯರ್ ಫ್ರೆಂಡ್, ಗುಡ್ ಮಾರ್ನಿಂಗ್, ಥ್ಯಾಂಕ್ಸ್ ಫಾರ್ ಯುವರ್ ಕಾಲ್’ ಅಂತ ಕಳಿಸೋರನ್ನ ಎಲ್ಲರೂ ಸಜ್ಜನರು ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅವರು ಕ್ಯೂನಲ್ಲಿ ಹಿಂದೆ ನಿಂತವರ ಜೇಬಿಗೆ ಕೈ ಹಾಕ್ತಿದ್ದಾರೆ. ಹೀಗೆ ಹೇಳಿದಾಗಲೆಲ್ಲ ಹ್ಯಾಮ್ ಗೆಳೆಯರು ‘ನಿಂಗ್ಯಾಕೋ ಅಷ್ಟು ಉರಿ, ಇದೊಂದು ಹವ್ಯಾಸ ಅಷ್ಟೇ’ ಅಂತ ನಗ್ತಾರೆ. ನಗಲಿ. ನಾನು ಹೇಳೋದನ್ನ ಹೇಳಿಯೇ ತೀರ್ತೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಆರ್‌ಟಿಟಿವೈ ಅಂದರೆ ರೇಡಿಯೋ ಟೆಲಿಟೈಪ್. ಹಿಂದೆ ಪತ್ರಿಕಾ ಕಚೇರಿಗಳಲ್ಲಿ ಟಕಟಕ ಅಂತ ತಾನಾಗಿಯೇ ಸುದ್ದಿ ಟೈಪ್ ಮಾಡುತ್ತಿದ್ದ ಟೆಲಿಪ್ರಿಂಟರ್ ಇತ್ತಲ್ಲ, ಅದನ್ನೇ ತಂತಿ ಇಲ್ಲದೆ ರೇಡಿಯೋ ಮೇಲೆ ಓಡಿಸೋದು. ಈಗ ಆ ಕಬ್ಬಿಣದ ಯಂತ್ರದ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ. ಎಂಎಂಟಿಟಿವೈ, ಫ್ಲ್‌ಡಿಜಿಯಂಥ ಪುಕ್ಕಟೆ ಸಾಫ್ಟ್‌ವೇರ್ ಸಾಕು. ಕಾಂಟೆಸ್ಟ್ ಅಂದರೆ ಗೊತ್ತುಮಾಡಿದ ಅವಧಿಯಲ್ಲಿ ಎಷ್ಟು ಸ್ಟೇಷನ್ನು, ಎಷ್ಟು ದೇಶ ಸಂಪರ್ಕಿಸ್ತೀರಿ ಅನ್ನೋ ಪೈಪೋಟಿ. ಅದರಲ್ಲಿ ಹೆಸರಾದದ್ದು ಸಿಕ್ಯು ವರ್ಲ್ಡ್ ವೈಡ್ ಆರ್‌ಟಿಟಿವೈ. ಸೆಪ್ಟೆಂಬರಿನ ಕೊನೆಯ ಪೂರ್ಣ ವಾರಾಂತ್ಯದಲ್ಲಿ, ನಮ್ಮ ಗಡಿಯಾರದ ಪ್ರಕಾರ ಶನಿವಾರ ಬೆಳಗ್ಗೆ 5.30ರಿಂದ ಸೋಮವಾರ ಬೆಳಗ್ಗೆ 5.30ರ ತನಕ, 48 ಗಂಟೆ. ಕರ್ನಾಟಕದಲ್ಲಿ ಕೂತ ನಾನು ಪ್ರತಿ ಸಂಪರ್ಕದಲ್ಲೂ ಕೊಡಬೇಕಾದ ಮಾಹಿತಿ ಇಷ್ಟೇ: 599 ಅನ್ನೋ ಸಿಗ್ನಲ್ ವರದಿ, ಜೊತೆಗೆ ನಮ್ಮ ವಲಯದ ಸಂಖ್ಯೆ 22. ಮುಗೀತು.

ಇದನ್ನ ಯಾರೂ ಕೈಯಲ್ಲಿ ಟೈಪ್ ಮಾಡಲ್ಲ. ಮೊದಲೇ ಬರೆದಿಟ್ಟ ಸಂದೇಶವನ್ನ ಒಂದು ಗುಂಡಿ ಒತ್ತಿ ಕಳಿಸ್ತಾರೆ. ಅದಕ್ಕೆ ಮ್ಯಾಕ್ರೋ ಅಂತ ಹೆಸರು. ನನ್ನ ಜಗಳ ಇರೋದು ಈ ಮ್ಯಾಕ್ರೋ ಬರೆಯೋರ ಜೊತೆ.

ಲೆಕ್ಕ ಹಾಕೋಣ ಬನ್ನಿ. ಹ್ಯಾಮ್‌ಗಳ ಆರ್‌ಟಿಟಿವೈ ವೇಗ 45.45 ಬಾಡ್. ಒಂದು ಬಿಟ್‌ಗೆ 22 ಮಿಲಿಸೆಕೆಂಡ್. ಒಂದು ಅಕ್ಷರಕ್ಕೆ ಶುರುವಿನ ಬಿಟ್ಟು, ಐದು ಮಾಹಿತಿ ಬಿಟ್ಟು, ಕೊನೆಯ ಒಂದೂವರೆ ಬಿಟ್ಟು ಎಲ್ಲ ಸೇರಿ 165 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಬರೀ ಆರು ಅಕ್ಷರ. ‘599 22 22’ ಕಳಿಸಲು ಎರಡು ಸೆಕೆಂಡು ಸಾಕು. ಡಿಯರ್ ಫ್ರೆಂಡ್, ಹೆಸರು, ಊರು, ‘ಪ್ಲೀಸ್ ಕಾಪಿ’, ಇವೆಲ್ಲ ಸೇರಿ 120 ಅಕ್ಷರ ಆದರೆ ಇಪ್ಪತ್ತು ಸೆಕೆಂಡು. ಗಂಟೆಗೆ 40 ಸಂಪರ್ಕ ಮಾಡೋ ಸ್ಟೇಷನ್ನು ಒಂದೊಂದರಲ್ಲೂ ಹದಿನೈದು ಸೆಕೆಂಡು ಪೋಲು ಮಾಡಿದರೆ ಹತ್ತು ನಿಮಿಷ ಗಾಳಿಗೆ ಹೋಯ್ತು. ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರೆ ನಮ್ಮ ಹಿರಿಯರು. ಇಲ್ಲಿ ಸುರೀತಿರೋದು ಸ್ವಂತದ್ದೂ ಅಲ್ಲ, ಆ ಫ್ರೀಕ್ವೆನ್ಸಿಯಲ್ಲಿ ಸರದಿಗೆ ಕಾಯ್ತಿರೋರದ್ದು.

ಸಮಯ ಉಳಿಸೋಕೆ ಮಾತ್ರ ಈ ಜಿಪುಣತನ ಅಂದುಕೋಬೇಡಿ. ಆರ್‌ಟಿಟಿವೈ ಬಳಸೋ ಬೋಡೋ ಸಂಕೇತದಲ್ಲಿ ಅಕ್ಷರಕ್ಕೆ ಐದೇ ಬಿಟ್ಟು, ಅಂದರೆ 32 ಸಾಧ್ಯತೆ. ಅಷ್ಟರಲ್ಲಿ ಅಕ್ಷರ, ಅಂಕಿ ಎರಡೂ ಹಿಡಿಸಲ್ಲ. ಅದಕ್ಕೇ ‘ಇನ್ನು ಮುಂದೆ ಅಂಕಿ’, ‘ಇನ್ನು ಮುಂದೆ ಅಕ್ಷರ’ ಅಂತ ಹೇಳೋ ಎರಡು ಗುಪ್ತ ಸಂಕೇತ ಇವೆ. ‘ಅಂಕಿ’ ಅನ್ನೋ ಆ ಒಂದು ಸಂಕೇತ ಸಿಡಿಲಿನ ಸದ್ದಿಗೆ ಬಲಿಯಾದರೆ 599 ಅನ್ನೋದು ಆ ಕಡೆ ‘ಟಿಒಒ’ ಅಂತ ಬೀಳುತ್ತೆ. ನಿಮ್ಮ ಫೋನಿನ ಕೀಬೋರ್ಡ್ ನೋಡಿ: ಮೇಲಿನ ಸಾಲಿನಲ್ಲಿ ಟಿ ಐದನೆಯದು, ಒ ಒಂಬತ್ತನೆಯದು. ಅದೇ ಹೊಂದಾಣಿಕೆ. ತಪ್ಪು ಪತ್ತೆ ಮಾಡೋ ವ್ಯವಸ್ಥೆಯೂ ಇದರಲ್ಲಿಲ್ಲ. ಕೆಟ್ಟು ಬಂದ ಅಕ್ಷರವೂ ಪರದೆ ಮೇಲೆ ಸರಿಯಾದ ಅಕ್ಷರದಷ್ಟೇ ಠೀವಿಯಿಂದ ಕೂತಿರುತ್ತೆ. ಇಂಥ ಮಾಧ್ಯಮದಲ್ಲಿ ಉದ್ದ ಮಾತಾಡಿದಷ್ಟೂ ಕಸ ಜಾಸ್ತಿ, ಕಸದ ನಡುವೆ ಕಾಳು ಹುಡುಕೋ ಕೆಲಸ ಕೇಳೋನದ್ದು.

ಆದ್ದರಿಂದ ಒಳ್ಳೆಯ ಆಪರೇಟರ್‌ಗಳು ರೂಢಿ ಮಾಡಿಕೊಂಡಿರೋ ಪ್ರತಿಯೊಂದು ಪದ್ಧತಿಗೂ ಕಾರಣ ಇದೆ. ಮ್ಯಾಕ್ರೋ ಹೊಸ ಸಾಲಿನಿಂದ ಶುರುವಾಗಲಿ, ಒಂದು ಖಾಲಿ ಜಾಗದಿಂದ ಮುಗಿಯಲಿ; ಇಲ್ಲದಿದ್ದರೆ ಬ್ಯಾಂಡಿನ ಸದ್ದಿನಿಂದ ಹುಟ್ಟಿದ ಕಸ ನಿಮ್ಮ ಕಾಲ್‌ಸೈನಿನ ತಲೆಗೋ ಬಾಲಕ್ಕೋ ಅಂಟಿಕೊಳ್ಳುತ್ತೆ. 599 ಒಂದೇ ಸಲ ಸಾಕು, ಅದು ಎಲ್ಲರಿಗೂ ಮೊದಲೇ ಗೊತ್ತು. ವಲಯವೋ ಕ್ರಮಸಂಖ್ಯೆಯೋ, ಅದನ್ನ ಎರಡು ಸಲ ಕೊಡಿ. ನಡುವೆ ಅಡ್ಡಗೆರೆ ಹಾಕಬೇಡಿ, ಖಾಲಿ ಜಾಗ ಬಿಡಿ. ಸಾಫ್ಟ್‌ವೇರ್ ಸರಿಯಾಗಿ ಹೊಂದಿಸಿದ್ದರೆ ಪ್ರತಿ ಖಾಲಿ ಜಾಗದ ನಂತರ ‘ಅಂಕಿ’ ಸಂಕೇತ ಮತ್ತೆ ಹೋಗುತ್ತೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತೆ. ಕರೆಯುವಾಗ ಕೊನೆಯ ಪದ ‘ಸಿಕ್ಯು’ ಇರಲಿ. ಅರ್ಧದಲ್ಲಿ ಬಂದವನಿಗೆ ಬರೀ ಕಾಲ್‌ಸೈನ್ ಕಂಡರೆ ನೀವು ಎಲ್ಲರನ್ನೂ ಕರೀತಿದ್ದೀರೋ, ಇನ್ಯಾರಿಗೋ ಉತ್ತರ ಕೊಡ್ತಿದ್ದೀರೋ ಗೊತ್ತಾಗಲ್ಲ. ಬೇರೆಯವರ ಸಿಕ್ಯುಗೆ ಉತ್ತರಿಸುವಾಗ ನಿಮ್ಮ ಕಾಲ್‌ಸೈನ್ ಎರಡು ಸಲ, ಅಷ್ಟೇ. ಅವರ ಹೆಸರು ಅವರಿಗೇ ಹೇಳೋ ಅಗತ್ಯ ಇಲ್ಲ, ಅವರಿಗೆ ನೆನಪಿದೆ.

ಇನ್ನೊಂದು ಕಾಯಿಲೆ. ನಾನು ‘ನಂಬರ್?’ ಅಂತ ಒಂದೇ ಪದ ಕೇಳ್ತೀನಿ. ಆ ಕಡೆಯವನು ಇಡೀ ಪುರಾಣವನ್ನ ಮೊದಲಿಂದ ಓದ್ತಾನೆ: ಕಾಲ್‌ಸೈನು, ಥ್ಯಾಂಕ್ಸು, 599 ಎರಡು ಸಲ, ಕೊನೆಗೆ ನಂಬರು, ಅದೂ ಒಂದೇ ಸಲ. ಅಷ್ಟರಲ್ಲಿ ಸಿಗ್ನಲ್ ಮತ್ತೆ ಮುಳುಗಿರುತ್ತೆ. ಅಂಗಡಿಯಲ್ಲಿ ‘ಚಿಲ್ಲರೆ ಎಷ್ಟು ಕೊಡಬೇಕು?’ ಅಂತ ಕೇಳಿದರೆ ದಿನಸಿ ಚೀಟಿ ಪೂರ್ತಿ ಓದೋ ಅಂಗಡಿಯವನನ್ನ ಎಷ್ಟು ದಿನ ಸಹಿಸ್ತೀರಿ? ನಂಬರು ಮಾತ್ರ ಇರೋ ಮ್ಯಾಕ್ರೋ ಒಂದು ಬೇರೆ ಮಾಡಿಡೋಕೆ ಅರ್ಧ ನಿಮಿಷ ಸಾಕು.

ಬೈಗುಳ ಬರೀ ಹೊಸಬರಿಗೆ ಮೀಸಲು ಅಂತ ದೊಡ್ಡ ದೊಡ್ಡ ಟವರ್ ಇಟ್ಟುಕೊಂಡವರು ಮೀಸೆ ತಿರುವಬೇಡಿ. ನಿಮ್ಮದು ಉಲ್ಟಾ ಪಾಪ. ವೇಗದ ಮದದಲ್ಲಿ ಐದಾರು ಸಂಪರ್ಕ ಆದರೂ ಸ್ವಂತ ಕಾಲ್‌ಸೈನ್ ಕಳಿಸಲ್ಲ. ಬರೀ ‘ಟಿಯು’ ಅಂತೀರಿ, ಮುಂದಿನವನನ್ನ ಎತ್ತಿಕೊಳ್ತೀರಿ. ಕಾಯೋನಿಗೆ ತಾನು ಯಾರಿಗೆ ಕಾಯ್ತಿದ್ದೀನಿ ಅನ್ನೋದೇ ಗೊತ್ತಿಲ್ಲ. ಕೊನೆಗೆ ಗೊತ್ತಾದಾಗ ‘ಅಯ್ಯೋ, ಇವನನ್ನ ಬೆಳಗ್ಗೆಯೇ ಮಾಡಿಕೊಂಡಿದ್ದೆ’. ಪ್ರತಿ ಸಂಪರ್ಕದ ಕೊನೆಗೆ ಕಾಲ್‌ಸೈನ್ ಕಳಿಸೋಕೆ ಹಿಡಿಯೋದು ಒಂದು ಸೆಕೆಂಡು. ಚಿಕ್ಕದು ಮಾಡಿ ಅಂದರೆ ಹೆಸರನ್ನೇ ಕತ್ತರಿಸಿ ಅಂತ ಅರ್ಥ ಅಲ್ಲ.

ಅದಕ್ಕಿಂತ ಹೊಟ್ಟೆ ಉರಿಯೋದು ಸರದಿ ಮುರಿಯೋರನ್ನ ಕಂಡಾಗ. ದೂರದ ಸ್ಟೇಷನ್ನು ಕಷ್ಟಪಟ್ಟು ‘ವಿಯು2?’ ಅಂತ ಕೇಳುತ್ತೆ. ವಿಯು ಅಂದರೆ ಭಾರತ. ಅಂದರೆ ಅವರಿಗೆ ನಮ್ಮ ಕಡೆಯ ಯಾವುದೋ ಕ್ಷೀಣ ದನಿ ಅರ್ಧ ಕೇಳಿದೆ. ಆಗ ವಿಯು2 ಇಲ್ಲದವರೆಲ್ಲ ಬಾಯಿ ಮುಚ್ಚಬೇಕು. ಮುಚ್ಚಲ್ಲ! ಎಫ್4 ಗುಂಡಿ ಮೇಲೆ ಬೆರಳಿಟ್ಟು ಕೂತಿರ್ತಾರೆ. ಆ ಕಡೆಯವನು ಸುಸ್ತಾಗಿ ಜೋರಾಗಿ ಕೇಳಿಸಿದವನನ್ನೇ ಎತ್ತಿಕೊಳ್ತಾನೆ. ಇದು ನನಗೆ ಆಗಿದೆ, ನನ್ನಂಥ ನೂರಾರು ಜನಕ್ಕೆ ಪ್ರತಿ ಕಾಂಟೆಸ್ಟಿನಲ್ಲೂ ಆಗುತ್ತೆ. ಇದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ. ಕೇಳಿಸಿಕೊಂಡು ಆಮೇಲೆ ಒತ್ತಬೇಕು, ಅಷ್ಟೇ.

ಇನ್ನು ಕೊಳಕು ಸಿಗ್ನಲ್ಲು. ಶುದ್ಧವಾದ ಆರ್‌ಟಿಟಿವೈ ಸಿಗ್ನಲ್‌ಗೆ ಸುಮಾರು 300 ಹರ್ಟ್ಸ್ ಜಾಗ ಸಾಕು. ಲ್ಯಾಪ್‌ಟಾಪಿನ ಆಡಿಯೋ ವಾಲ್ಯೂಮ್ ಪೂರ್ತಿ ತಿರುಗಿಸಿ, ಮಾತಿಗೆ ಬಳಸೋ ಕಂಪ್ರೆಷನ್ ಆನ್ ಇಟ್ಟು ಬಿಟ್ಟರೆ ಅಕ್ಕಪಕ್ಕದ ಮೂರು ಮನೆಗೂ ನಿಮ್ಮ ಕೊಳೆ ನೀರು ನುಗ್ಗುತ್ತೆ. ಆರ್‌ಟಿಟಿವೈನಲ್ಲಿ ಟ್ರಾನ್ಸ್‌ಮೀಟರ್‌ಗೆ ಉಸಿರಾಡೋಕೂ ಬಿಡುವಿಲ್ಲ. ಕಳಿಸುವಷ್ಟು ಹೊತ್ತೂ ಪೂರ್ತಿ ಪವರ್. ಅದಕ್ಕೇ 100 ವಾಟಿನ ಸೆಟ್ಟನ್ನ 50ಕ್ಕೆ ಇಳಿಸಿ ಅನ್ನೋದು. ಆ ಕಡೆಯ ಮೀಟರಿನಲ್ಲಿ ವ್ಯತ್ಯಾಸ ಅರ್ಧ ಎಸ್ ಯೂನಿಟ್, ಇದ್ದೂ ಇಲ್ಲದ ಹಾಗೆ. ನಿಮ್ಮ ಸೆಟ್ಟೂ ಉಳಿಯುತ್ತೆ, ನೆರೆಯವರ ಕಿವಿಯೂ ಉಳಿಯುತ್ತೆ.

ಬ್ಯಾಂಡು ತುಂಬಿದಾಗ ಬೇಲಿ ಹಾರೋರೂ ಇದ್ದಾರೆ. 14.100 ಮೆಗಾಹರ್ಟ್ಸ್‌ನಲ್ಲಿ ಅಂತರರಾಷ್ಟ್ರೀಯ ಬೀಕನ್ ಸರಣಿ ಇದೆ. ಶ್ರೀಲಂಕಾದ್ದೂ ಸೇರಿ ಒಟ್ಟು 18 ಬೀಕನ್‌ಗಳು ತಲಾ ಹತ್ತು ಸೆಕೆಂಡಿನಂತೆ ಮೂರು ನಿಮಿಷಕ್ಕೆ ಒಂದು ಸುತ್ತು ಹಾಕುತ್ತವೆ. ಒಂದೊಂದೂ ತನ್ನ ಪವರನ್ನ 100 ವಾಟಿನಿಂದ 0.1 ವಾಟಿನ ತನಕ ಇಳಿಸುತ್ತಾ ಹೋಗುತ್ತೆ, ಯಾವ ದಿಕ್ಕಿಗೆ ಬ್ಯಾಂಡು ಎಷ್ಟು ತೆರೆದಿದೆ ಅಂತ ಎಲ್ಲರಿಗೂ ತಿಳೀಲಿ ಅಂತ. ಕಾಂಟೆಸ್ಟಿನ ಹುಮ್ಮಸ್ಸಿನಲ್ಲಿ ಅದರ ಮೇಲೇ ಸಿಕ್ಯು ಹಾಕೋದು ಊರಿನ ದಾರಿದೀಪಕ್ಕೆ ಕಲ್ಲು ಹೊಡೆದ ಹಾಗೆ. 14.074ರಲ್ಲಿ ಎಫ್‌ಟಿ8 ಮಾಡೋರ ಮೇಲೆ ಹೋಗಿ ಬೀಳೋದೂ ಅಷ್ಟೇ. ನಿಮಗೆ ಸ್ಪರ್ಧೆ ಇದೆ, ನಿಜ. ಅವರಿಗಿಲ್ಲ. ಮದುವೆ ನಿಮ್ಮದೇ ಇರಬಹುದು, ರಸ್ತೆ ಪೂರ್ತಿ ನಿಮ್ಮದಲ್ಲ.

ಇಷ್ಟು ಹೇಳಿದ ಮೇಲೆ ವಾದಗಳು ಬರ್ತವೆ. ಒಂದು: ‘ಮಜಾಕ್ಕೆ ಆಡೋದಪ್ಪ, ನಿಯಮ ಯಾಕೆ?’ ಗಲ್ಲಿ ಕ್ರಿಕೆಟ್ಟೂ ಮಜಾಕ್ಕೇ ಆಡೋದು. ಪಕ್ಕದ ಮನೆ ಕಾಂಪೌಂಡಿಗೆ ಚೆಂಡು ಹೋದರೆ ಔಟು ಅನ್ನೋ ನಿಯಮ ಅಲ್ಲೂ ಇದೆ, ಯಾವ ಮಂಡಳಿಯೂ ಬರೆದಿಟ್ಟಿಲ್ಲ. ಆ ನಿಯಮ ಇರೋದರಿಂದಲೇ ನಾಳೆಯೂ ಆಟ ನಡೆಯುತ್ತೆ.

ಎರಡನೆಯದು ಸ್ವಲ್ಪ ಗಂಭೀರ ವಾದ, ಅದಕ್ಕೆ ನನಗೂ ಗೌರವ ಇದೆ: ‘ಹೀಗೆ ಟೆಲಿಗ್ರಾಂ ಥರ ಒರಟಾಗಿ ನಡೆದುಕೊಂಡರೆ ಹೊಸಬರು ಹೆದರಿ ಓಡಲ್ವಾ? ಹ್ಯಾಮ್ ರೇಡಿಯೋ ಅಂದರೆ ಸ್ನೇಹ ತಾನೇ?’ ಸ್ನೇಹ ಖಂಡಿತ ಬೇಕು. ವರ್ಷದ ಬಹುಪಾಲು ವಾರಾಂತ್ಯಗಳಲ್ಲಿ ಇಂಥ ಗದ್ದಲ ಇರಲ್ಲ, ಆಗ ನಿಮ್ಮ ಊರಿನ ಮಳೆ, ಬೆಳೆ, ಮೊಮ್ಮಕ್ಕಳ ಬಗ್ಗೆ ಗಂಟೆಗಟ್ಟಲೆ ಟೈಪ್ ಮಾಡಿ, ನಾನೂ ಕೂರ್ತೀನಿ. ಆದರೆ ಕಾಂಟೆಸ್ಟಿನಲ್ಲಿ ಹೊಸಬನಿಗೆ ಬೇಕಾದ ಸ್ನೇಹ ಬೇರೆ. ಅವನ ಪರದೆ ಮೇಲೆ ಅರ್ಧ ಕಸ ಓಡ್ತಿದೆ. ಅದರಲ್ಲಿ ಅವನ ಕಾಲ್‌ಸೈನ್, ಎರಡು ಸಲ ಒಂದು ಅಂಕಿ, ಇಷ್ಟೇ ಕಂಡರೆ ಅವನಿಗೆ ತನ್ನ ಸರದಿ ಬಂದಿದ್ದು ತಕ್ಷಣ ತಿಳಿಯುತ್ತೆ. ಅವನು ಎರಡನೇ ಸಲ ಕೇಳಿದರೆ ತಾಳ್ಮೆಯಿಂದ ಎರಡನೇ ಸಲ ಕೊಡಿ, ಮೂರನೇ ಸಲವೂ ಕೊಡಿ. ಸೌಜನ್ಯ ಅಂದರೆ ಅದು.

ಇದೆಲ್ಲದರ ಬಿಲ್ಲು ಕಟ್ಟೋರು ಯಾರು ಅಂತ ನೋಡಿ. ಎಕರೆಗಟ್ಟಲೆ ಜಾಗ, ದಿಕ್ಕು ತಿರುಗೋ ಆಂಟೆನಾ, ದೊಡ್ಡ ಆಂಪ್ಲಿಫೈಯರ್ ಇದ್ದವರಿಗೆ ಏನೂ ನಷ್ಟ ಇಲ್ಲ. ಅವರು ಯಾವ ಗದ್ದಲದಲ್ಲೂ ಕೇಳಿಸ್ತಾರೆ. ನನ್ನ ಆಂಟೆನಾ ಅಂದರೆ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನಿಂದ ತೆಂಗಿನ ಮರಕ್ಕೆ ಎಳೆದ ಒಂದು ತಂತಿ. ಅದಕ್ಕೂ ಅಸೋಸಿಯೇಷನ್‌ನವರನ್ನ ಒಪ್ಪಿಸೋಕೆ ಸಾಕು ಸಾಕಾಯ್ತು. ಸುತ್ತಮುತ್ತಲಿನ ಎಲ್‌ಇಡಿ ಬಲ್ಬು, ಚಾರ್ಜರು, ಇನ್ವರ್ಟರು ಎಲ್ಲ ಸೇರಿ ಕಿವಿಗೆ ಹುಯ್ಯುತ್ತವೆ. ಬೆಂಗಳೂರಿನಲ್ಲಿ ಹ್ಯಾಮ್ ಆಗೋ ಬಹುತೇಕ ಹುಡುಗ ಹುಡುಗಿಯರ ಕತೆ ಇದೇ. ನಮಗೆ ಉತ್ತರ ಅಮೆರಿಕದ ದಾರಿ ಧ್ರುವಪ್ರದೇಶದ ಹತ್ತಿರ ಹಾದುಹೋಗುತ್ತೆ, ಸಿಗ್ನಲ್ಲು ಮೊದಲೇ ಬಡಕಲು, ತೆರೆದಿರೋದೂ ಸ್ವಲ್ಪವೇ ಹೊತ್ತು. ಆ ಹೊತ್ತಿನಲ್ಲಿ ಮುಂದಿದ್ದವನು ಗುಡ್ ಮಾರ್ನಿಂಗ್ ಹೇಳ್ತಾ ಕೂತರೆ, ಅವನ ಮಾತು ಮುಗಿಯೋದರೊಳಗೆ ನಮ್ಮ ಬಾಗಿಲು ಮುಚ್ಚಿರುತ್ತೆ.

ಹ್ಯಾಮ್ ಫ್ರೀಕ್ವೆನ್ಸಿಗೆ ಯಾರ ಹೆಸರಲ್ಲೂ ಖಾತೆ ಇಲ್ಲ, ಕಾವಲುಗಾರನೂ ಇಲ್ಲ. ಊರ ಕೆರೆ ಇದ್ದ ಹಾಗೆ. ಕೆರೆ ಹಾಳಾಗೋಕೆ ದುಷ್ಟರೇ ಬೇಕಿಲ್ಲ, ‘ನನ್ನದೊಂದು ಕೊಡ ಎಷ್ಟಾಯ್ತು’ ಅನ್ನೋ ಒಳ್ಳೆಯವರು ಸಾಕು. ಲೈಸೆನ್ಸ್ ಪರೀಕ್ಷೆಯಲ್ಲಿ ರೇಡಿಯೋ ಸಿದ್ಧಾಂತ ಕೇಳ್ತಾರೆ, ನಿಯಮಾವಳಿ ಕೇಳ್ತಾರೆ. ನಿಮ್ಮ ಮ್ಯಾಕ್ರೋ ಎಷ್ಟುದ್ದ ಅಂತ ಯಾರೂ ಕೇಳಲ್ಲ. ಕೇಳಿಕೊಳ್ಳಬೇಕಾದವರು ನಾವೇ.

ಹಾಗಾಗಿ ಮುಂದಿನ ಕಾಂಟೆಸ್ಟಿಗೆ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಸಾಫ್ಟ್‌ವೇರ್ ತೆರೆದು ಒಂದೊಂದೇ ಮ್ಯಾಕ್ರೋ ಓದಿ. ಪ್ರತಿ ಪದಕ್ಕೂ ‘ಇದಿಲ್ಲದಿದ್ದರೆ ಆ ಕಡೆಯವನಿಗೆ ಏನಾದರೂ ನಷ್ಟ ಇದೆಯಾ?’ ಅಂತ ಕೇಳಿ. ಇಲ್ಲ ಅನ್ನೋ ಉತ್ತರ ಬಂದರೆ ಅಳಿಸಿ. ಆರು ಅಕ್ಷರ ಅಳಿಸಿದರೆ ಎಲ್ಲೋ ಒಬ್ಬರಿಗೆ ಒಂದು ಸೆಕೆಂಡು ಬೇಗ ಸರದಿ ಬರುತ್ತೆ.